ಹಳೆಯ ಗಣಕಯಂತ್ರಕ್ಕೆ ಹೊಸ ವ್ಯವಸ್ಥೆ: ಹೊಸಬರಿಗೆ ಸಾಧ್ಯವೆ?

ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಮೊದಲಾದವುಗಳನ್ನು ಕುರಿತು ತಜ್ಞ ವೈದ್ಯರು ಬರೆಯುವ ಈ ಸ್ಮರಣ ಸಂಚಿಕೆಯಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬನು ಗಣಕಯಂತ್ರದ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಾನು ವಾಣಿಜ್ಯಶಾಸ್ತ್ರದ ಪದವೀಧರನೇ ಹೊರತು ಗಣಕವಿಜ್ಞಾನಿಯಲ್ಲ. ಆದರೂ ನಮ್ಮ ಸಂಘದ ಸಮಾರಂಭಗಳಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಾಗಲೆಲ್ಲ ಹಿರಿಯರೊಬ್ಬರಾದರೂ ಪಕ್ಕಕ್ಕೆ ಬಾಗಿ, “ನಮ್ಮ ಕಂಪ್ಯೂಟರ್ ಇನ್ನು ಕೆಲಸಕ್ಕೆ ಬಾರದಂತೆ, ಹೊಸದನ್ನೇ ಕೊಳ್ಳಬೇಕಂತೆ, ಹೌದೇ ರಾಯರೆ?” ಎಂದು ಕೇಳುವುದುಂಟು. ಪಾಯಸ ಬರುವಷ್ಟರೊಳಗೆ ಉತ್ತರಿಸಿ ಮುಗಿಸಬಹುದಾದ ಪ್ರಶ್ನೆ ಇದಲ್ಲವಾದುದರಿಂದ ಲೇಖನಿಯನ್ನು ಹಿಡಿಯಬೇಕಾಯಿತು.

ಅವರು ಹೀಗೆ ಕೇಳುವುದಕ್ಕೆ ಕಾರಣವಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈ 29ರಂದು ಹೊರತಂದ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳ ಮೇಲೂ ಅಧಿಕೃತವಾಗಿ ಕೂರುವುದಿಲ್ಲ. ಅದಕ್ಕೆ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಇಂಟೆಲ್ ಯಂತ್ರವಾದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಈಚಿನ ಪ್ರೊಸೆಸರ್ ಇರಬೇಕು. ಹೀಗಾಗಿ ನೋಡುವುದಕ್ಕೆ ಗಟ್ಟಿಮುಟ್ಟಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಒಂದೇ ದಿನದಲ್ಲಿ ನಿವೃತ್ತಿಯ ಅಂಚಿಗೆ ಬಂದು ನಿಂತವು.

ಹೊಸ ಯಂತ್ರಕ್ಕೆ ಹಣ ಸುರಿಯುವ ಬದಲು, ಇದ್ದ ಯಂತ್ರಕ್ಕೇ ಹೊಸ ವ್ಯವಸ್ಥೆಯೊಂದನ್ನು ನಾವೇ ಹಾಕಿಕೊಳ್ಳಬಹುದೆ? ಗಣಕಶಾಸ್ತ್ರದ ಗಂಧವಿಲ್ಲದವರಿಗೂ ಅದು ಸಾಧ್ಯವೆ? ಸಾಧ್ಯ, ಅಷ್ಟೇ ಅಲ್ಲ, ಬಹಳ ಸುಲಭ ಎಂದೇ ನನ್ನ ಉತ್ತರ. ಆದರೆ ಅದು ಇಷ್ಟು ಸುಲಭವಾಗಿರುವುದರಿಂದಲೇ ಎಚ್ಚರಿಕೆ ಬೇಕೆಂಬ ಮಾತನ್ನೂ ಅದರೊಡನೆ ಸೇರಿಸಬೇಕಾಗಿದೆ. ಆ ಎಚ್ಚರಿಕೆಯನ್ನು ನಾನು ದುಬಾರಿ ಬೆಲೆ ತೆತ್ತು ಕಲಿತೆ.

ಕಾರ್ಯವ್ಯವಸ್ಥೆ ಎಂದರೇನು?

ಆಪರೇಟಿಂಗ್ ಸಿಸ್ಟಮ್ ಎಂದು ಕರೆಯಲ್ಪಡುವ ತಂತ್ರಾಂಶವನ್ನು ಈ ಲೇಖನದಲ್ಲಿ ಕಾರ್ಯವ್ಯವಸ್ಥೆ ಎಂದು ಕರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವು ಪರದೆಯ ಮೇಲೆ ಮೂಡುವುದು, ಪತ್ರವು ಹಾರ್ಡ್‌ಡಿಸ್ಕಿನಲ್ಲಿ ಉಳಿಯುವುದು, ಮುದ್ರಣಯಂತ್ರಕ್ಕೆ ಆಜ್ಞೆ ತಲುಪುವುದು, ಏಕಕಾಲದಲ್ಲಿ ನಡೆಯುವ ಹತ್ತಾರು ಕೆಲಸಗಳಿಗೆ ಸ್ಮೃತಿಯು ಹಂಚಿಕೆಯಾಗುವುದು, ಇವೆಲ್ಲವೂ ಅದರ ಮೇಲ್ವಿಚಾರಣೆಯಲ್ಲಿಯೇ ನಡೆಯುತ್ತವೆ. ವಿಂಡೋಸ್ ಇಂತಹದೊಂದು ವ್ಯವಸ್ಥೆ. ಆಪಲ್ ಯಂತ್ರಗಳಲ್ಲಿರುವ ಮ್ಯಾಕ್ ಓಎಸ್ ಇನ್ನೊಂದು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಮತ್ತೊಂದು. ನಮ್ಮಲ್ಲಿ ಬಹುಮಂದಿಯ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳತಿರುಳು ಲಿನಕ್ಸೇ ಆಗಿರುವುದರಿಂದ ಅದು ನಮಗೆ ತೀರ ಅಪರಿಚಿತವೇನೂ ಅಲ್ಲ.

ಬೆಂಬಲ ಮುಗಿದ ವ್ಯವಸ್ಥೆಯ ಯಂತ್ರವು ಮರುದಿನವೇ ನಿಂತುಹೋಗುವುದಿಲ್ಲ. ಹಾಗಿದ್ದರೆ ಚಿಂತೆ ಏಕೆ ಎಂದು ಕೇಳಬಹುದು. ತಂತ್ರಾಂಶದಲ್ಲಿ ದೋಷಗಳು ಕಂಡುಬರುತ್ತಲೇ ಇರುತ್ತವೆ. ಕಂಡುಬಂದಂತೆ ತಯಾರಕರು ತೇಪೆ ಹಾಕಿ ಕಳುಹಿಸುತ್ತಾರೆ. ತೇಪೆ ಬರುವುದು ನಿಂತರೆ ಕಿಂಡಿಗಳು ಹಾಗೆಯೇ ಉಳಿಯುತ್ತವೆ. 2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳ ಲಕ್ಷಾಂತರ ಯಂತ್ರಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವು. ಆ ಕಿಂಡಿಯನ್ನು ಮುಚ್ಚುವ ತೇಪೆಯು ಎರಡು ತಿಂಗಳು ಮೊದಲೇ, ಅಂದರೆ ಮಾರ್ಚ್ 14ರಂದೇ, ಬಿಡುಗಡೆಯಾಗಿತ್ತು, ಹಾಕಿಕೊಳ್ಳದವರೇ ಸಿಕ್ಕಿಬಿದ್ದರು. ತೇಪೆ ಬಂದೂ ಹಾಕಿಕೊಳ್ಳದವರ ಪಾಡೇ ಹೀಗಾದರೆ, ತೇಪೆಯೇ ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಎಷ್ಟರ ಮಟ್ಟಿಗೆ ಕ್ಷೇಮ ಎಂಬುದನ್ನು ವಾಚಕರೇ ಊಹಿಸಬಹುದು.

ಕಷ್ಟವಿದ್ದ ದಿನಗಳು

ಇಂದಿನ ಸೌಲಭ್ಯದ ಬೆಲೆ ತಿಳಿಯಬೇಕಾದರೆ ಹಿಂದಿನ ಕಷ್ಟವನ್ನು ಸ್ವಲ್ಪ ನೆನೆಯಬೇಕು. 1995ರಲ್ಲಿ ಬಂದ ವಿಂಡೋಸ್ 95 ಫ್ಲಾಪಿಗಳ ರೂಪದಲ್ಲಿ 13 ತಟ್ಟೆಗಳ ಕಟ್ಟಾಗಿತ್ತು. ಒಂದಾದ ಮೇಲೊಂದನ್ನು ತೂರಿಸುತ್ತ ಕುಳಿತುಕೊಳ್ಳಬೇಕಾಗಿತ್ತು. ಹನ್ನೊಂದನೆಯದು ಕೆಟ್ಟಿದ್ದರೆ ಹಿಂದಿನ ಹತ್ತೂ ವ್ಯರ್ಥ. ಧ್ವನಿಯ ಕಾರ್ಡಿಗೂ ಮೋಡೆಮ್ಮಿಗೂ ಜಗಳವಾಗದಂತೆ ಬೇರೆ ಬೇರೆ ಸಂಖ್ಯೆಗಳನ್ನು ಹೊಂದಿಸಿಕೊಡುವುದೂ ಎಷ್ಟೋ ಸಲ ಯಜಮಾನನ ಕೆಲಸವೇ ಆಗಿತ್ತು. 2001ರ ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೆ ಸಿ.ಡಿ. ಬಂದಿತಾದರೂ, ಕೆಲವು ಹೊಸ ಬಗೆಯ ಹಾರ್ಡ್‌ಡಿಸ್ಕುಗಳನ್ನು ಅದು ಗುರುತಿಸಬೇಕಾದರೆ ಸರಿಯಾದ ಗಳಿಗೆಯಲ್ಲಿ ಎಫ್ 6 ಕೀಲಿಯನ್ನು ಒತ್ತಿ, ಫ್ಲಾಪಿಯಿಂದ ಬೇರೊಂದು ತಂತ್ರಾಂಶವನ್ನು ಉಣಿಸಬೇಕಾಗುತ್ತಿತ್ತು. ಇದಲ್ಲದೆ 25 ಅಕ್ಷರಗಳ ಗುರುತಿನ ಕೀಲಿಯನ್ನು ತಪ್ಪಿಲ್ಲದೆ ಹೊಡೆಯಬೇಕಾಗಿತ್ತು.

ಲಿನಕ್ಸಿನ ಪಾಡು ಇನ್ನೂ ಕಠಿನ. 1990ರ ದಶಕದಲ್ಲಿ ಅದನ್ನು ಹಾಕುವವರು ಹಾರ್ಡ್‌ಡಿಸ್ಕನ್ನು ತಾವೇ ಭಾಗ ಮಾಡಬೇಕು. ಪರದೆಯು ಕ್ಷಣಕ್ಕೆ ಎಷ್ಟು ಬಾರಿ ಮರುಚಿತ್ರಿತವಾಗುತ್ತದೆ ಎಂಬ ಅಂಕಿಯನ್ನು ಕೈಪಿಡಿಯಲ್ಲಿ ಹುಡುಕಿ ಬರೆಯಬೇಕು. ತಪ್ಪು ಅಂಕಿ ಕೊಟ್ಟರೆ ಪರದೆಯೇ ಹಾಳಾಗಬಹುದೆಂಬ ಎಚ್ಚರಿಕೆಯನ್ನು ಓದಿ ಬೆವರಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ‘ಫಾರ್ಮ್ಯಾಟ್ ಮಾಡಿಕೊಡುವ’ ಹುಡುಗರಿಗೆ ಕೈತುಂಬ ಕೆಲಸವಿದ್ದುದು ಇದರಿಂದಲೇ.

ಆ ಕಷ್ಟದಲ್ಲಿ ಒಂದು ಗುಣವೂ ಇತ್ತೆಂಬುದನ್ನು ನಾನು ಬಹಳ ತಡವಾಗಿ ಅರಿತೆ. ಏನೂ ಅರಿಯದವನು ಆ ಕೆಲಸಕ್ಕೆ ಕೈಹಾಕುತ್ತಲೇ ಇರಲಿಲ್ಲ. ಮನೆಯವರ ಕಡತಗಳಿಗೆ ಆ ಕಷ್ಟವೇ ಕಾವಲಾಗಿತ್ತು.

ಸುಲಭವಾದ ಬಗೆ

ಪರಿಸ್ಥಿತಿ ಬದಲಾದುದು ಹಂತಹಂತವಾಗಿ. 1999ರಲ್ಲಿ ಕಾಲ್ಡೆರಾ ಎಂಬ ಸಂಸ್ಥೆಯ ಲಿನಕ್ಸ್, ಚಿತ್ರಗಳ ಮೂಲಕ ಪ್ರಶ್ನೆ ಕೇಳುವ ಸ್ಥಾಪಕವನ್ನು ತಂದಿತು. ಕಡತಗಳು ನಕಲಾಗುತ್ತಿರುವಾಗ ಬೇಸರ ಕಳೆಯಲು ಟೆಟ್ರಿಸ್ ಆಟವನ್ನೂ ಒದಗಿಸಿತ್ತು. 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ ನಾಪಿಕ್ಸ್, ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಸಿ.ಡಿ.ಯಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ ತೋರಿಸಿತು. ಕೊಳ್ಳುವ ಮುನ್ನ ಸೀರೆಯನ್ನು ಬಿಡಿಸಿ ನೋಡುವಂತೆ, ಸ್ಥಾಪಿಸುವ ಮುನ್ನ ವ್ಯವಸ್ಥೆಯನ್ನು ನಡೆಸಿ ನೋಡುವ ಅನುಕೂಲ ಇದರಿಂದ ಜನಪ್ರಿಯವಾಯಿತು.

2004ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕದ ಉದ್ಯಮಿ ಮಾರ್ಕ್ ಶಟಲ್‌ವರ್ತ್ ಅವರ ಉಬುಂಟು ಬಂದಿತು. ಕೇಳಿದವರ ಮನೆಗೆ ಅಂಚೆಯ ಮೂಲಕ ಉಚಿತವಾಗಿ ಸಿ.ಡಿ. ಕಳುಹಿಸುವ ಪದ್ಧತಿಯನ್ನು ಅವರು 2011ರವರೆಗೂ ನಡೆಸಿದರು. ಉಬುಂಟುವಿನ ಅಡಿಪಾಯದ ಮೇಲೆಯೇ 2006ರಲ್ಲಿ ಲಿನಕ್ಸ್ ಮಿಂಟ್ ಹುಟ್ಟಿತು. ವಿಂಡೋಸ್ ಬಳಸಿ ಅಭ್ಯಾಸವಾದವರ ಕಣ್ಣಿಗೆ ಒಗ್ಗುವಂತಹ ವಿನ್ಯಾಸವಿರುವುದರಿಂದ ಹೊಸಬರಿಗೆ ನಾನು ಹೇಳುವುದು ಇದನ್ನೇ. ಇದಕ್ಕೆ 2 ಜಿಬಿ ಸ್ಮೃತಿ ಇದ್ದರೂ ನಡೆಯುತ್ತದೆ, 4 ಜಿಬಿ ಇದ್ದರೆ ಹಿತ. 20 ಜಿಬಿ ಸ್ಥಳ ಸಾಕು, 100 ಜಿಬಿ ಇದ್ದರೆ ಉತ್ತಮ. ಬೆಲೆ ಏನೂ ಇಲ್ಲ.

ನಮ್ಮ ದೇಶದ ಪ್ರಯತ್ನವನ್ನೂ ಇಲ್ಲಿ ಸ್ಮರಿಸಬೇಕು. ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರದಲ್ಲಿ ರೂಪುಗೊಂಡ ‘ಬಾಸ್’ ಎಂಬ ಲಿನಕ್ಸ್ 2007ರಲ್ಲಿ ಹೊರಬಂದಿತು. ಭಾರತೀಯ ಭಾಷೆಗಳ ಬಳಕೆಗೆ ಅದರಲ್ಲಿ ವಿಶೇಷ ಗಮನ ಕೊಡಲಾಗಿದೆ. ವಿಂಡೋಸ್ ಕೂಡ ಹಿಂದೆ ಬಿದ್ದಿಲ್ಲ. 8 ಜಿಬಿಯ ಪೆನ್‌ಡ್ರೈವಿನಲ್ಲಿ ವಿಂಡೋಸ್ 11ರ ಸ್ಥಾಪಕವನ್ನು ಸಿದ್ಧಪಡಿಸಿಕೊಳ್ಳುವ ಸಾಧನವನ್ನು ಮೈಕ್ರೋಸಾಫ್ಟೇ ಕೊಡುತ್ತದೆ. ನಿಮ್ಮ ಯಂತ್ರಕ್ಕೆ ಆ ಯೋಗ್ಯತೆ ಇದೆಯೆ ಎಂದು ಪರೀಕ್ಷಿಸುವ ಕಿರುತಂತ್ರಾಂಶಕ್ಕೆ ಅವರಿಟ್ಟಿರುವ ಹೆಸರು ‘ಪಿಸಿ ಹೆಲ್ತ್ ಚೆಕ್’. ಆರೋಗ್ಯ ವಿಶೇಷವಾದ ಈ ಸಂಚಿಕೆಗೆ ತಕ್ಕ ಹೆಸರೇ ಸರಿ.

ನನ್ನಿಂದಾದ ಪ್ರಮಾದ

ಈಗ ನನ್ನ ಕಥೆಗೆ ಬರುತ್ತೇನೆ. ನಮ್ಮ ತೀರ್ಥರೂಪರು ಮಧುಮೇಹಿಗಳು. ಊರಿನಲ್ಲಿದ್ದಾಗಿನಿಂದಲೂ ಸಕ್ಕರೆಯ ಪ್ರಮಾಣವನ್ನು ತಮ್ಮ ದಿನಚರಿಯಲ್ಲಿ ನೀಲಿ ಶಾಯಿಯಲ್ಲಿ ಬರೆದಿಡುವ ಅಭ್ಯಾಸ ಅವರಿಗಿತ್ತು. 2012ರಲ್ಲಿ ಅವರು ನಮ್ಮೊಡನೆ ಇರಲು ಮುಂಬಯಿಗೆ ಬಂದಾಗ, “ಅಪ್ಪಾ, ಇನ್ನು ಬರೆಯುವ ತೊಂದರೆ ನಿಮಗೆ ಬೇಡ, ನಾನು ಕಂಪ್ಯೂಟರಿನಲ್ಲಿ ಹಾಕಿಡುತ್ತೇನೆ” ಎಂದು ಹೇಳಿ ದಿನಚರಿಯನ್ನು ನಿಲ್ಲಿಸಿದವನು ನಾನೇ. ಅಂದಿನಿಂದ ಪ್ರತಿಯೊಂದು ರಕ್ತಪರೀಕ್ಷೆಯ ಅಂಕಿಗಳನ್ನು, ಸಕ್ಕರೆ, ಕ್ರಿಯಾಟಿನಿನ್, ಕೊಬ್ಬು ಎಲ್ಲವನ್ನೂ ಅಂಕಣಗಳಲ್ಲಿ ತುಂಬಿ, ವರದಿಗಳನ್ನು ಸ್ಕ್ಯಾನ್ ಮಾಡಿ, ಲ್ಯಾಪ್‌ಟಾಪಿನ ‘ಡಿ’ ವಿಭಾಗದಲ್ಲಿ ಜೋಪಾನವಾಗಿಟ್ಟಿದ್ದೆ. ಅಲ್ಲಿ ಸೇರಿದ ಮೇಲೆ ಕಾಗದಗಳ ಬಗ್ಗೆ ನಮಗಾರಿಗೂ ಲಕ್ಷ್ಯವಿರಲಿಲ್ಲ.

2018ರ ಒಂದು ಭಾನುವಾರ, ಏಳು ವರ್ಷ ಹಳೆಯದಾಗಿ ಆಮೆಯ ನಡಿಗೆಗೆ ಬಂದಿದ್ದ ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಕುಳಿತೆ. ‘ಸಿ’ಯಲ್ಲಿದ್ದ ನನ್ನ ಪತ್ರಗಳನ್ನೂ ಛಾಯಾಚಿತ್ರಗಳನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ‘ಡಿ’ಯ ಬಗ್ಗೆ ಚಿಂತಿಸಲಿಲ್ಲ. ಅಂಗಡಿಯ ಹುಡುಗರು ಎಷ್ಟು ಬಾರಿ ಫಾರ್ಮ್ಯಾಟ್ ಮಾಡಿದರೂ ‘ಡಿ’ಗೆ ಏನೂ ಆಗದಿದ್ದುದನ್ನು ಕಂಡಿದ್ದ ನನಗೆ, ಅದು ಬೇರೆಯೇ ಒಂದು ಪೆಟ್ಟಿಗೆ ಎಂಬ ಭಾವನೆ ಬೇರೂರಿತ್ತು. ಸ್ಥಾಪಕವು ‘ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬ ಆಯ್ಕೆಯನ್ನು ಮುಂದಿಟ್ಟಿತು. ಎಲ್ಲ ಕಡತಗಳೂ ಹೋಗುತ್ತವೆ ಎಂದು ಕೆಳಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು. ಓದಿದೆ, ಒತ್ತಿದೆ. ಇಪ್ಪತ್ತೇ ನಿಮಿಷಗಳಲ್ಲಿ ಯಂತ್ರವು ಹೊಸದರಂತೆ ಎದ್ದು ನಿಂತಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

‘ಸಿ’ ಮತ್ತು ‘ಡಿ’ ಒಂದೇ ಹಾರ್ಡ್‌ಡಿಸ್ಕಿನ ಎರಡು ಭಾಗಗಳು. ಒಂದೇ ಕಪಾಟಿನ ಎರಡು ಅರೆಗಳಿದ್ದಂತೆ. ಕಪಾಟನ್ನೇ ಸುಟ್ಟ ಮೇಲೆ ಕೆಳಗಿನ ಅರೆ ಉಳಿಯುವುದುಂಟೆ? ಅದು ನನಗೆ ಹೊಳೆದದ್ದು ಮರುವಾರ, ವರದಿಯೊಂದನ್ನು ಸೇರಿಸಲು ಕುಳಿತಾಗ. ಮಾಹಿತಿಯನ್ನು ಮರಳಿಸಿಕೊಡುವವರ ಬಳಿಗೆ ಓಡಿದೆ. ಕೆಲವು ಛಾಯಾಚಿತ್ರಗಳು ಮರಳಿದವು. ಅಂಕಣಗಳ ಆ ಕಡತ ಮಾತ್ರ ಬರಲಿಲ್ಲ.

ಕೆಲವು ತಿಂಗಳ ನಂತರ ತೀರ್ಥರೂಪರ ಕಾಲು ಬಾತುಕೊಂಡು ಮೂತ್ರಪಿಂಡದ ತಜ್ಞರಲ್ಲಿಗೆ ಹೋದೆವು. ಕ್ರಿಯಾಟಿನಿನ್ ಏರಿತ್ತು. ತಜ್ಞರು ಕೇಳಿದ ಮೊದಲ ಪ್ರಶ್ನೆಯೇ, “ಇದು ವರ್ಷಗಳಿಂದ ನಿಧಾನವಾಗಿ ಏರಿದ್ದೋ, ಈಚೆಗೆ ಒಮ್ಮೆಲೇ ಏರಿದ್ದೋ? ಹಿಂದಿನ ಅಂಕಿಗಳೆಲ್ಲಿ?” ಎಂಬುದು. ಮೂತ್ರಪಿಂಡದ ತೊಂದರೆಯು ಹಳೆಯದೆ ಹೊಸದೆ ಎಂಬುದರ ಮೇಲೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಮೂರು ತಿಂಗಳಿಗೂ ಮಿಕ್ಕಿ ಉಳಿದರೆ ಮಾತ್ರ ಅದನ್ನು ದೀರ್ಘಕಾಲಿಕವೆಂದು ಗಣಿಸುತ್ತಾರಂತೆ. ನನ್ನಲ್ಲಿ ತೋರಿಸಲು ಏನೂ ಇರಲಿಲ್ಲ. ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿಸುತ್ತ, ಉತ್ತರಕ್ಕಾಗಿ ಮೂರು ತಿಂಗಳು ಕಾದೆವು. ಆಸ್ಪತ್ರೆಯಿಂದ ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ತೀರ್ಥರೂಪರು ಹೇಳಿದ್ದು ಒಂದೇ ಮಾತು: “ನಾನು ಡೈರಿ ಬರೆಯುತ್ತಿದ್ದೆನಲ್ಲ, ಮಗು.” ಅದರಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಖೆಯು ಕೋರ್ ಬ್ಯಾಂಕಿಂಗ್ ಪದ್ಧತಿಗೆ ಬದಲಾಯಿತು. ಆ ರಾತ್ರಿ ಪ್ರತಿಯೊಂದು ಖಾತೆಯ ಶೇಷವನ್ನೂ ಮುದ್ರಿಸಿಟ್ಟು, ಹೊಸದರ ಮೊತ್ತವು ಹಳೆಯದರೊಡನೆ ಪೈಸೆಗೆ ಪೈಸೆ ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಪರರ ಹಣದ ವಿಷಯದಲ್ಲಿ ಪಾಲಿಸಿದ ನಿಯಮವನ್ನು ಸ್ವಂತ ತಂದೆಯ ಆರೋಗ್ಯದ ಲೆಕ್ಕದಲ್ಲಿ ನಾನು ಮರೆತಿದ್ದೆ.

ಮೊದಲು ಪ್ರತಿ, ಅನಂತರ ಪ್ರಯೋಗ

ಆದುದರಿಂದ ಹೊಸಬರಿಗೆ ನನ್ನ ಮೊದಲನೆಯ ಸೂಚನೆ ಇದು: ಯಾವ ಗುಂಡಿಯನ್ನೂ ಒತ್ತುವ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಸಾಧನಕ್ಕೆ ತೆಗೆಯಿರಿ. ‘ಸಿ’, ‘ಡಿ’, ‘ಇ’ ಎಂದು ಎಷ್ಟು ವಿಭಾಗಗಳಿವೆಯೋ ಅಷ್ಟನ್ನೂ ತೆರೆದು ನೋಡಿರಿ. ಮನೆಯಲ್ಲಿ ಬೇರೆಯವರ ಹೆಸರಿನ ಬಳಕೆಯ ಖಾತೆಗಳಿದ್ದರೆ ಅವನ್ನೂ ನೋಡಿರಿ. ಬ್ರೌಸರಿನಲ್ಲಿ ಉಳಿಸಿದ ಗುರುತುಗಳು, ಹಳೆಯ ಪತ್ರವ್ಯವಹಾರ, ತೆರಿಗೆಯ ಕಾಗದಗಳು, ಮಕ್ಕಳ ಅಂಕಪಟ್ಟಿಗಳು ಎಲ್ಲಿವೆಯೆಂದು ಮನೆಯವರೆಲ್ಲರನ್ನೂ ಕೇಳಿ ಒಂದು ಪಟ್ಟಿ ಮಾಡಿರಿ.

ಪ್ರತಿಯೊಂದು ಮುಖ್ಯ ಕಡತವೂ ಮೂರು ಕಡೆ ಇರಬೇಕು, ಎರಡು ಬಗೆಯ ಸಾಧನಗಳಲ್ಲಿ ಇರಬೇಕು, ಒಂದು ಪ್ರತಿಯಾದರೂ ಮನೆಯ ಹೊರಗೆ ಇರಬೇಕು ಎಂಬುದು ಈ ವಿದ್ಯೆಯನ್ನು ಬಲ್ಲವರ ನಿಯಮ. ಪ್ರತಿ ತೆಗೆದ ಮೇಲೆ ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿರಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬಾರದು. ಈಚಿನ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ತಾನಾಗಿಯೇ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗವನ್ನು ಹಾಕಿರುವುದುಂಟು. ಅದರ 48 ಅಂಕಿಗಳ ಮರುಗಳಿಕೆಯ ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.

ಸ್ಥಾಪನೆಯ ಕ್ರಮ

ಇನ್ನು ಉಳಿದದ್ದು ನಿಜವಾಗಿಯೂ ಸುಲಭ. ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಐಎಸ್ಓ ಎಂಬ ರೂಪದ ಕಡತವನ್ನು ಇಳಿಸಿಕೊಳ್ಳಬೇಕು. ಗಾತ್ರ ಸುಮಾರು 3 ಜಿಬಿ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಕೊನೆಯದು ತೀರ ಹಳೆಯ ಯಂತ್ರಗಳಿಗೆ ಹಗುರ.

ಇಳಿಸಿಕೊಂಡ ಕಡತವು ನೈಜವೆ ಎಂದು ತಿಳಿಯಲು ತಾಣದಲ್ಲಿ 64 ಅಕ್ಷರಗಳ ಒಂದು ಮುದ್ರೆಯನ್ನು ಕೊಟ್ಟಿರುತ್ತಾರೆ. ಚೆಕ್ಕಿನ ಮೇಲಿನ ರುಜುವನ್ನು ಮಾದರಿ ರುಜುವಿನೊಡನೆ ತಾಳೆ ನೋಡುವಂತೆ ಇದನ್ನೂ ತಾಳೆ ನೋಡಬೇಕು. ಇದೇನು ಅತಿಯಾದ ಶಂಕೆ ಎನ್ನಬೇಡಿ. 2016ರ ಫೆಬ್ರವರಿ 20ರಂದು ದುಷ್ಕರ್ಮಿಗಳು ಮಿಂಟ್‌ನ ತಾಣವನ್ನೇ ಭೇದಿಸಿ, ಇಳಿಸಿಕೊಳ್ಳಲು ಬಂದವರನ್ನು ಕಪಟ ಪ್ರತಿಯೊಂದರ ಕಡೆಗೆ ತಿರುಗಿಸಿದ್ದರು. ಇಂತಹ ತಾಳೆಯ ಮೂಲಕ ನೈಜ ಪ್ರತಿಯನ್ನು ಗುರುತಿಸಿಕೊಳ್ಳುವಂತೆ ಅದರ ನಿರ್ಮಾಪಕರೇ ಆಗ ಬಳಕೆದಾರರಿಗೆ ತಿಳಿಸಿದರು.

ಅನಂತರ ರೂಫಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಆ ಕಡತವನ್ನು 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಬರೆಯಬೇಕು. ಸುಮ್ಮನೆ ನಕಲು ಮಾಡಿದರೆ ಸಾಲದು; ಯಂತ್ರವು ಅದರಿಂದಲೇ ಏಳುವಂತೆ ವಿಶೇಷ ರೀತಿಯಲ್ಲಿ ಬರೆಯಬೇಕಾಗುತ್ತದೆ. ಪೆನ್‌ಡ್ರೈವನ್ನು ಸಿಕ್ಕಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡುವಾಗ ಎಫ್ 12, ಎಸ್ಕೇಪ್, ಎಫ್ 2, ಡಿಲೀಟ್ ಇವುಗಳಲ್ಲಿ ನಿಮ್ಮ ತಯಾರಕರು ಗೊತ್ತುಮಾಡಿದ ಕೀಲಿಯನ್ನು ಒತ್ತಿದರೆ, ಎಲ್ಲಿಂದ ಏಳಬೇಕೆಂದು ಯಂತ್ರವು ಕೇಳುತ್ತದೆ. ಪೆನ್‌ಡ್ರೈವನ್ನು ಆರಿಸಿರಿ. ಹೊಸಬರಿಗೆ ಇಡೀ ಕೆಲಸದಲ್ಲಿ ತುಸು ತೊಡಕೆನಿಸುವ ಹಂತ ಇದೊಂದೇ.

ಈಗ ಮಿಂಟ್ ಪೆನ್‌ಡ್ರೈವಿನಿಂದಲೇ ಓಡತೊಡಗುತ್ತದೆ. ಇಲ್ಲಿ ಅವಸರ ಮಾಡಬಾರದು. ವೈಫೈ ಸಿಗುತ್ತದೆಯೆ, ಹಾಡು ಕೇಳಿಸುತ್ತದೆಯೆ, ಕ್ಯಾಮರಾದಲ್ಲಿ ಮುಖ ಕಾಣುತ್ತದೆಯೆ, ಮುದ್ರಣಯಂತ್ರ ಒಪ್ಪುತ್ತದೆಯೆ ಎಂದು ಒಂದು ಗಂಟೆ ಬಳಸಿ ನೋಡಿರಿ. ಪೆನ್‌ಡ್ರೈವಿನಿಂದ ಓಡುವಾಗ ಕೊಂಚ ನಿಧಾನವಾಗಿರುವುದು ಸಹಜ. ಮನಸ್ಸಿಗೆ ಹಿಡಿಸದಿದ್ದರೆ ನಂದಿಸಿ, ಪೆನ್‌ಡ್ರೈವನ್ನು ತೆಗೆದರಾಯಿತು. ಸ್ಥಾಪನೆಗೆ ಕೈಹಾಕದಿದ್ದರೆ ಹಳೆಯ ವಿಂಡೋಸ್ ಇದ್ದಂತೆಯೇ ಇರುತ್ತದೆ.

ಹಿಡಿಸಿದರೆ, ಪರದೆಯ ಮೇಲಿರುವ ಸ್ಥಾಪನೆಯ ಚಿಹ್ನೆಯನ್ನು ಒತ್ತಿರಿ. ಭಾಷೆ ಯಾವುದು, ಕೀಲಿಮಣೆ ಯಾವುದು, ಹಾಡು ಚಲನಚಿತ್ರಗಳಿಗೆ ಬೇಕಾದ ಪೂರಕಗಳು ಬೇಕೆ, ಎಲ್ಲಿ ಸ್ಥಾಪಿಸಬೇಕು, ಯಾವ ಊರಿನ ಸಮಯ, ನಿಮ್ಮ ಹೆಸರೇನು, ಗುಪ್ತಪದವೇನು, ಹೀಗೆ ಆರೇಳು ಪ್ರಶ್ನೆಗಳು ಬರುತ್ತವೆ. ಸಮಯಕ್ಕಾಗಿ ಮುಂಬಯಿಯನ್ನೋ ಬೆಂಗಳೂರನ್ನೋ ಹುಡುಕಬೇಡಿ. ಇಡೀ ಭಾರತಕ್ಕೆ ಅಲ್ಲಿ ‘ಕೋಲ್ಕತ್ತ’ ಎಂದಿರುತ್ತದೆ. ‘ಎಲ್ಲಿ ಸ್ಥಾಪಿಸಬೇಕು’ ಎಂಬ ಪ್ರಶ್ನೆ ಬಂದಾಗ ಮಾತ್ರ ಕೈಯನ್ನು ಕೀಲಿಮಣೆಯಿಂದ ತೆಗೆದು, ಪ್ರತಿ ತೆಗೆದ ಪಟ್ಟಿಯನ್ನು ಇನ್ನೊಮ್ಮೆ ಓದಿರಿ. ಉಳಿದ ಪ್ರಶ್ನೆಗಳಲ್ಲಿ ತಪ್ಪಾದರೆ ತಿದ್ದಬಹುದು. ಇದರಲ್ಲಿ ತಪ್ಪಾದರೆ ತಿದ್ದುವುದಕ್ಕೆ ಏನೂ ಉಳಿದಿರುವುದಿಲ್ಲ. ಅನಂತರ ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಬಹಳ ಹಳೆಯ ಯಂತ್ರವಾದರೆ ಅರ್ಧ ಗಂಟೆಯ ಮೇಲಾದೀತು.

ಸ್ಥಾಪನೆಯ ನಂತರ

ಹೊಸ ಮನೆಗೆ ಹೋದ ಮೇಲೆ ಸಾಮಾನು ಜೋಡಿಸಿಕೊಳ್ಳುವ ಕೆಲಸವಿರುವಂತೆ ಇಲ್ಲಿಯೂ ನಾಲ್ಕಾರು ಕೆಲಸಗಳುಂಟು. ಮೊದಲನೆಯದು, ತೇಪೆಗಳನ್ನೆಲ್ಲ ತರಿಸಿ ಹಾಕಿಕೊಳ್ಳುವುದು. ಎರಡನೆಯದು, ಒಳಬರುವ ಅನಗತ್ಯ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಎಂಬ ತಡೆಗೋಡೆಯನ್ನು ಒಂದು ಗುಂಡಿ ಒತ್ತಿ ಚಾಲೂ ಮಾಡುವುದು. ಮೂರನೆಯದು, ‘ಟೈಮ್‌ಶಿಫ್ಟ್’ ಎಂಬ ಸೌಲಭ್ಯವನ್ನು ಹೊಂದಿಸುವುದು. ಮುಂದೆ ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ಹಿಂದಿನ ದಿನದ ಸ್ಥಿತಿಗೆ ಮರಳಿಸಲು ಇದು ನೆರವಾಗುತ್ತದೆ. ಆದರೆ ಇದು ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಕಡತಗಳನ್ನಲ್ಲ ಎಂಬುದು ನೆನಪಿರಲಿ.

ನಾಲ್ಕನೆಯದು ನಮಗೆಲ್ಲ ಪ್ರಿಯವಾದ ಕನ್ನಡ. ಕೀಲಿಮಣೆಯ ಹೊಂದಾಣಿಕೆಗೆ ಹೋಗಿ ವಿನ್ಯಾಸಗಳ ಪಟ್ಟಿಯನ್ನು ತೆರೆದರೆ ಕನ್ನಡಕ್ಕೆ ಎರಡು ಆಯ್ಕೆಗಳು ಕಾಣುತ್ತವೆ. ಒಂದು ಭಾರತದ ಎಲ್ಲ ಭಾಷೆಗಳಿಗೂ ಸಮಾನವಾದ ಇನ್‌ಸ್ಕ್ರಿಪ್ಟ್. ಇನ್ನೊಂದರ ಹೆಸರು ‘ಕಗಪ’. ಎಲ್ಲಿಯೋ ಕುಳಿತವರು ಕಟ್ಟಿದ ವ್ಯವಸ್ಥೆಯಲ್ಲಿ ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳನ್ನು ಕಂಡಾಗ ಹೊರನಾಡಿನಲ್ಲಿರುವ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಈ ವಿನ್ಯಾಸವೇ ‘ನುಡಿ’ಯಲ್ಲಿಯೂ ಇರುವುದರಿಂದ, ‘ನುಡಿ’ ಬಲ್ಲವರು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ವಿಂಡೋಸ್‌ನಲ್ಲಿಯೇ ಉಳಿಯುವವರಿಗೂ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಕನ್ನಡದ ಕೀಲಿಮಣೆ ದೊರೆಯುತ್ತದೆ. ಹಳೆಯ ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕೇ ಇದ್ದರೆ, ಅದರ ಬದಲು ಎಸ್‌ಎಸ್‌ಡಿ ಹಾಕಿಸಿಕೊಂಡಲ್ಲಿ ವೇಗದಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುತ್ತದೆ. ಹಾಗೆ ತೆಗೆದ ಹಳೆಯ ಡಿಸ್ಕನ್ನು ಬಿಸಾಡದೆ ಕಪಾಟಿನಲ್ಲಿಟ್ಟರೆ ಅದೇ ಒಂದು ಪ್ರತಿಯಾಯಿತು.

ಯಾರು ಕೈಹಾಕಬಾರದು?

ಎಲ್ಲರಿಗೂ ಲಿನಕ್ಸ್ ಹೊಂದುತ್ತದೆ ಎಂದು ಹೇಳಿದರೆ ಅದು ಅರ್ಧ ಸತ್ಯವಾದೀತು. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರು ಯೋಚಿಸಬೇಕು. ಅದು ವಿಂಡೋಸಿಗಾಗಿ ರಚಿತವಾದುದು. ತೆರಿಗೆಯ ಕೆಲಸಕ್ಕೆ ಡಿಜಿಟಲ್ ರುಜುವಿನ ಸಾಧನವನ್ನು ಬಳಸುವವರು, ಕಚೇರಿಯವರು ಕೊಟ್ಟ ವಿಶೇಷ ತಂತ್ರಾಂಶವನ್ನು ನೆಚ್ಚಿಕೊಂಡವರು ಮೊದಲೇ ವಿಚಾರಿಸಿಕೊಳ್ಳಬೇಕು. ನಮ್ಮ ಸಂಘಗಳ ಕಾರ್ಯದರ್ಶಿಗಳಿಗೂ ಒಂದು ಮಾತು: ಹಳೆಯ ‘ನುಡಿ’, ‘ಬರಹ’ಗಳ ಅಕ್ಷರರೂಪದಲ್ಲಿ ಸಿದ್ಧವಾದ ಹಿಂದಿನ ಕಡತಗಳು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಬದಲಾವಣೆಗೆ ಮುನ್ನ ಅವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಲೇಸು.

ಬ್ಯಾಂಕಿನವನಾಗಿ ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು. ‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ದೂರದಿಂದಲೇ ಸರಿಪಡಿಸಿಕೊಡುತ್ತೇವೆ’ ಎಂದು ಅಪರಿಚಿತರು ಫೋನು ಮಾಡಿದರೆ ನಂಬಬೇಡಿ. ದೂರದಿಂದ ಯಂತ್ರವನ್ನು ನಡೆಸುವ ಎನಿಡೆಸ್ಕ್‌ನಂತಹ ತಂತ್ರಾಂಶವನ್ನು ವಂಚಕರು ದುರುಪಯೋಗಪಡಿಸಿಕೊಳ್ಳುತ್ತಿದ್ದಾರೆಂದು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ನೆರವು ಬೇಕಾದರೆ ಪಕ್ಕದ ಮನೆಯ ಕಾಲೇಜು ವಿದ್ಯಾರ್ಥಿಯನ್ನು ಕರೆದು ಕೂರಿಸಿಕೊಳ್ಳಿ. ಅವನಿಗೂ ಒಂದು ತಟ್ಟೆ ಉಪ್ಪಿಟ್ಟು ಸಂದಾಯವಾಗಲಿ.

ಉಪಸಂಹಾರ

ಹದಿಮೂರು ಫ್ಲಾಪಿಗಳ ಕಾಲ ಹೋಯಿತು. ಇಂದು ಅರವತ್ತು ದಾಟಿದ ಗೃಹಿಣಿಯೂ ಒಂದು ಮಧ್ಯಾಹ್ನದಲ್ಲಿ ತಮ್ಮ ಯಂತ್ರಕ್ಕೆ ಹೊಸ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು. ಯಂತ್ರದ ಬಗೆಗಿನ ತಿಳಿವಳಿಕೆ ಹೆಚ್ಚಾಗಿ ಬೇಕಾಗಿಲ್ಲ. ಯಂತ್ರದೊಳಗೆ ನಮ್ಮದೆಂಬುದು ಏನಿದೆ, ಅದು ಎಲ್ಲಿದೆ ಎಂಬ ತಿಳಿವಳಿಕೆ ಮಾತ್ರ ಬೇಕೇ ಬೇಕು. ಅದನ್ನು ಯಾವ ಸ್ಥಾಪಕವೂ ನಮ್ಮ ಪರವಾಗಿ ತಿಳಿದುಕೊಳ್ಳಲಾರದು.

ನಮ್ಮ ತೀರ್ಥರೂಪರು ದೇವರ ದಯದಿಂದ ಆಹಾರದ ಪಥ್ಯದಲ್ಲಿಯೂ ಔಷಧದಲ್ಲಿಯೂ ಇದ್ದು, ಬೆಳಗಿನ ಸಂಚಾರವನ್ನು ತಪ್ಪಿಸದೆ ಕಾಲ ಕಳೆಯುತ್ತಿದ್ದಾರೆ. ಅವರ ವರದಿಗಳು ಈಗ ಮಿಂಟ್ ಹಾಕಿದ ಅದೇ ಹಳೆಯ ಲ್ಯಾಪ್‌ಟಾಪಿನಲ್ಲಿವೆ, ಹೊರಗಿನ ಹಾರ್ಡ್‌ಡಿಸ್ಕೊಂದರಲ್ಲಿವೆ, ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿವೆ. ಇವಲ್ಲದೆ ಪ್ರತಿವರ್ಷದ ಜನವರಿ ಒಂದರಂದು ಅವರಿಗೊಂದು ಹೊಸ ದಿನಚರಿಯನ್ನೂ ನೀಲಿ ಶಾಯಿಯ ಸೀಸೆಯನ್ನೂ ತಂದುಕೊಡುತ್ತೇನೆ. ಅವರು ಬರೆಯುತ್ತಾರೆ, ಭಾನುವಾರ ನಾನು ಅದರೊಡನೆ ಕಂಪ್ಯೂಟರಿನ ಅಂಕಿಗಳನ್ನು ತಾಳೆ ನೋಡುತ್ತೇನೆ.